ಕಿವುಡರ ಸಂತೆಯ ಗುಂಯ್

“ಬೇರೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಕತ್ತರಿಸಿ, ಅಂಟಿಸಿ, ನನ್ನ ಡ್ರಮ್ಮು ಡಬ್ಬಾ ಬಡಿದ ಹಾಗೆ ಕೇಳಿಸಿದ್ರೂ ನಾನು ಕೇಳಲ್ಲ. ಆದ್ರೆ ಆ ಗುಂಯ್ ಅನ್ನೋದನ್ನ ಮಾತ್ರ ತೆಗೀಬೇಡಿ,” ಎಂದಳು ಗುಡುಗಮ್ಮ.

ಯಾರಾದರೂ ಇಂಥ ಮಾತನ್ನು ದನಿ ತಗ್ಗಿಸಿ, ಬಾಗಿಲ ಕಡೆ ನೋಡುತ್ತ ಹೇಳಿದರೆ, ಬುದ್ಧಿಯಿದ್ದವನು ಆಯ್ತಮ್ಮ ಎಂದು ಸುಮ್ಮನಾಗುತ್ತಾನೆ. ಜರಡಿಗೆ ಬುದ್ಧಿಯಿತ್ತು, ಅದಕ್ಕಿಂತ ಹೆಚ್ಚಾಗಿ ತನಗೆ ಬುದ್ಧಿಯಿದೆ ಎಂಬ ಹೆಮ್ಮೆಯಿತ್ತು. ಅವನು ನಕ್ಕುಬಿಟ್ಟ.

ಜರಡಿ ಎನ್ನುವುದು ಕಸುಬಿನವರು ಅವನಿಗೆ ಇಟ್ಟ ಹೆಸರು. ರೆಕಾರ್ಡಾದ ಹಾಡಿನಿಂದ ಬೇಡದ ಸದ್ದನ್ನು ಸೋಸಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಹಾಡುಗಾರ ಎಂಜಲು ನುಂಗಿದ್ದು, ಕುರ್ಚಿ ಕಿರುಗುಟ್ಟಿದ್ದು, ಗೋಡೆಯಾಚೆ ನಲ್ಲಿ ತೊಟ್ಟಿಕ್ಕಿದ್ದು, ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಬಿಸಾಡುತ್ತಿದ್ದ. ಈಗ ಅವನ ಪಾಲಿಗೆ ಬಂದದ್ದು ‘ಕಿವುಡರ ಸಂತೆ’ ಎಂಬ ತಂಡದ ಆಲ್ಬಮ್ಮು. ಹೆಸರಿಗೆ ತಕ್ಕ ತಂಡ. ರಾಗ, ತಾಳ, ಮಾಧುರ್ಯ ಎಂದರೆ ಮೂಗು ಮುರಿಯುವವರು, ಗದ್ದಲವನ್ನೇ ಹಾಡು ಎನ್ನುವವರು. ಕೇಳಿದರೆ ತಗಡಿನ ಚಾವಣಿಯ ಮೇಲೆ ಬೆಕ್ಕುಗಳು ಕಾದಾಡಿದಂತಿರುತ್ತಿತ್ತು. ಅದಕ್ಕೂ ಹುಚ್ಚು ಹಿಡಿದು ಕೇಳುವ ಹುಡುಗರಿದ್ದರು ಅನ್ನಿ. ಹಿಂದಿನ ಸೌಂಡ್ ಎಂಜಿನಿಯರು ಅರ್ಧಕ್ಕೇ ಕೈಬಿಟ್ಟು ಹೋದ ಕೆಲಸವನ್ನು ಮುಗಿಸಿಕೊಡಲು ಕಂಪನಿಯವರು ಇವನನ್ನು ಹೊಸದಾಗಿ ಕರೆಸಿದ್ದರು.

ಸ್ಟುಡಿಯೋ ಇದ್ದದ್ದು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ. ಹೊರಗೆ ನಡುಹಗಲಿದ್ದರೂ ಒಳಗೆ ಕತ್ತಲೆ. ಗೋಡೆಗೆ ಬಡಿದ ಕಂಬಳಿಗಳಿಗೆಲ್ಲ ಮುಗ್ಗಲು ವಾಸನೆ. ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಹಳೆಯ ಆಂಪು, ಅಂದರೆ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ. ಯಾರೂ ನುಡಿಸದಿದ್ದಾಗಲೂ ಅದು ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ಅದರೊಳಗಿನ ವಾಲ್ವುಗಳು, ಅಂದರೆ ಬಲ್ಬಿನಂಥ ಗಾಜಿನ ಬುರುಡೆಗಳು, ಕಾದಾಗ ಧೂಳು ಸುಟ್ಟ ವಾಸನೆ ಬರುತ್ತಿತ್ತು. ಧೂಳಿನದಷ್ಟೇ ಅಲ್ಲ. ಕೂದಲು ಸುಟ್ಟ ವಾಸನೆಯೂ ಇತ್ತು.

“ತೆಗೆದ್ರೆ ಏನಾಗುತ್ತೆ?” ಎಂದು ಕೇಳಿದ ಜರಡಿ.

“ಅದರಲ್ಲಿ ಮಾಟ ಕಟ್ಟಿದೆ.”

“ಆಂಪಿನಲ್ಲಾ? ಅರ್ಥಿಂಗ್ ಸರಿಯಿಲ್ಲದಿದ್ರೆ ಎಲ್ಲ ಆಂಪೂ ಗುಂಯ್ ಅನ್ನುತ್ತೆ ತಾಯಿ. ಅದಕ್ಕೆ ಮಂತ್ರವಾದಿ ಬೇಡ, ಎಲೆಕ್ಟ್ರಿಷಿಯನ್ ಸಾಕು.”

ಗೋಡೆಗೊರಗಿ ನಿಂತಿದ್ದ ಗಿಟಾರಿನವನು ತಲೆಯೆತ್ತಿ ಜರಡಿಯನ್ನೇ ನೋಡಿದ. ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಜರಡಿ ಬಂದಾಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ, ಕೇಳಿದ್ದಕ್ಕೆಲ್ಲ ಕೈಸನ್ನೆ, ಇಲ್ಲವೇ ತಲೆಯಾಡಿಸುವುದು. ದೊಡ್ಡ ಕಲಾವಿದ, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂದು ಹಿಡಿದುಕೊಂಡಿದ್ದಾನೆ ಎಂದು ಜರಡಿ ಒಳಗೊಳಗೇ ಆಡಿಕೊಂಡಿದ್ದ. ಈಗ ಮೌನಿ ಎರಡೂ ಕೈ ಜೋಡಿಸಿದ. ನಮಸ್ಕಾರದ ಹಾಗಿರಲಿಲ್ಲ ಅದು, ಬೇಡಿಕೊಂಡ ಹಾಗಿತ್ತು.

“ಸರಿ ಸರಿ, ಮುಟ್ಟಲ್ಲ ಬಿಡಿ,” ಎಂದ ಜರಡಿ. ಅವರಿಬ್ಬರೂ ಮೆಟ್ಟಿಲು ಹತ್ತಿ ಹೋದ ಮೇಲೆ ಕಂಪನಿಗೆ ಫೋನು ಮಾಡಿ, ಆ ಗುಂಯ್ ಇರಬೇಕೋ ಬೇಡವೋ ಎಂದು ಕೇಳಿದ. ತೆಗೆದು ಬಿಸಾಕಪ್ಪ, ಅದಕ್ಕೇ ತಾನೇ ನಿನ್ನ ಕರೆಸಿದ್ದು ಎಂದರು. ಜರಡಿಗೆ ಅಷ್ಟೇ ಸಾಕಾಗಿತ್ತು.

ಮಾರನೆಯ ದಿನ ಅವನ ಜೊತೆ ಮಗಳೂ ಬಂದಳು. ಅವಳ ಶಿಶುವಿಹಾರಕ್ಕೆ ರಜೆ. ಹೆಂಡತಿ ಕ್ಲಿನಿಕ್ಕಿನಲ್ಲಿ ನರ್ಸು, ಅವಳಿಗೆ ರಜೆಯಿಲ್ಲ. ಮಗುವನ್ನು ಮನೆಯಲ್ಲಿ ಗಿಣಿ ಎನ್ನುತ್ತಿದ್ದರು. ಕಣ್ಣು ಬಿಟ್ಟಾಗ ಶುರುವಾದ ಮಾತು ಕಣ್ಣು ಮುಚ್ಚುವ ತನಕ ನಿಲ್ಲುತ್ತಿರಲಿಲ್ಲ. ಇರುವೆಗೆ ಮೊಣಕಾಲು ಇದೆಯಾ, ನೆರಳಿಗೆ ಹಸಿವಾಗುತ್ತಾ, ಹೀಗೆ ಒಂದರ ಮೇಲೊಂದು ಪ್ರಶ್ನೆ. ದಿನವಿಡೀ ಕಿವಿಯಿಂದ ದುಡಿದು ಬಂದ ಜರಡಿಗೆ ಮನೆಗೆ ಬಂದ ಮೇಲೆ ಬೇಕಿದ್ದದ್ದು ನಿಶ್ಶಬ್ದ. “ಶ್! ಸುಮ್ನಿರು ಪುಟ್ಟಾ, ಅಪ್ಪನಿಗೆ ತಲೆನೋವು,” ಎನ್ನುವುದು ಅವನ ಬಾಯಲ್ಲಿ ನಿತ್ಯದ ಮಾತಾಗಿತ್ತು. ಮಗುವನ್ನು ಪ್ರೀತಿಸುತ್ತಿರಲಿಲ್ಲವೆಂದಲ್ಲ. ಅವಳಿಗೆ ಜ್ವರ ಬಂದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮಾತೊಂದೇ ಹೆಚ್ಚಾಗುತ್ತಿತ್ತು.

ಒಂದು ಸದ್ದನ್ನು ಹಾಡಿನಿಂದ ಸೋಸಬೇಕಾದರೆ, ಆ ಸದ್ದೊಂದೇ ಇರುವ ತುಣುಕನ್ನು ಮೊದಲು ಕಂಪ್ಯೂಟರಿಗೆ ಕೇಳಿಸಬೇಕು. ನೋಡು, ಗದ್ದಲ ಎಂದರೆ ಇದು ಎಂದು ತೋರಿಸಿಕೊಡಬೇಕು. ಆಮೇಲೆ ಅದು ಇಡೀ ಆಲ್ಬಮ್ಮನ್ನು ಜಾಲಾಡಿ, ಅಂಥದ್ದು ಎಲ್ಲಿದ್ದರೂ ಹೆಕ್ಕಿ ತೆಗೆಯುತ್ತದೆ. ಆದರೆ ಕಿವುಡರ ಸಂತೆಯ ಹಾಡುಗಳಲ್ಲಿ ಗುಂಯ್ ಒಂದೇ ಇರುವ ಜಾಗವೇ ಇರಲಿಲ್ಲ, ಎಲ್ಲ ಕಡೆ ಬೆಕ್ಕುಗಳ ಜಗಳ. ಆದ್ದರಿಂದ ಜರಡಿ ಆಂಪು ಹಚ್ಚಿ, ಅದರೆದುರು ಮೈಕು ನಿಲ್ಲಿಸಿ, ಆ ಗುಂಯ್ ಅನ್ನು ಬರಿದೇ ರೆಕಾರ್ಡು ಮಾಡಲು ಅಣಿಯಾದ. ಟ್ಯೂಬ್‌ಲೈಟು, ಫ್ಯಾನು ಎರಡನ್ನೂ ಆರಿಸಿದ, ಅವುಗಳದ್ದೂ ಒಂದು ಸದ್ದು ಇರುತ್ತದಲ್ಲ. ಕೋಣೆ ಕಪ್ಪಾಯಿತು. ಆಂಪಿನ ಕೆಂಪು ದೀಪ ಮಾತ್ರ ಉಳಿಯಿತು. ಗಿಣಿ ಮೇಜಿನಡಿ ಬಣ್ಣದ ಕಡ್ಡಿ ಹಿಡಿದು ಕೂತಿದ್ದಳು.

“ಅಪ್ಪಾ, ಆ ಪೆಟ್ಟಿಗೆ ಯಾಕೆ ಅಳ್ತಿದೆ?”

“ಅಳ್ತಿಲ್ಲ. ಅದು ಕೆಟ್ಟಿದೆ. ಈಗ ಒಂದು ಆಟ. ನಾನು ಹೇಳೋ ತನಕ ಉಸಿರೆತ್ತಬಾರದು. ಆಯ್ತಾ?”

ರೆಕಾರ್ಡಿಂಗ್ ಒತ್ತಿದ. “ಶ್! ಉಸಿರೆತ್ತಬೇಡ,” ಎಂದ. ಗಿಣಿ ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದಳು. ಕತ್ತಲಲ್ಲಿ ಆಂಪು ಗುಂಯ್ ಎನ್ನುತ್ತಲೇ ಇತ್ತು. ಕೂದಲು ಸುಟ್ಟ ವಾಸನೆ ಎಂದಿಗಿಂತ ಗಾಢವಾಯಿತು. ಸ್ವಲ್ಪ ಹೊತ್ತಿಗೆ ಹೆಡ್‌ಫೋನಿನಲ್ಲಿ ಇನ್ನೊಂದು ಸಣ್ಣ ದನಿ ಕೇಳಿತು. ಮಗು ಮುಚ್ಚಿದ ತುಟಿಯೊಳಗೇ ಪೆಟ್ಟಿಗೆಗೆ ದನಿಗೂಡಿಸಿ ಮ್‌ಮ್‌ಮ್ ಎನ್ನುತ್ತಿದ್ದಳು. ಅದೇ ಶ್ರುತಿ. ಅಳುವ ಮಗುವಿನ ಜೊತೆ ಇನ್ನೊಂದು ಮಗು ಅತ್ತಂತೆ.

ಮತ್ತೆ ಮಾಡಬೇಕಿತ್ತು. ಅವನಿಗೆ ಅದು ಗೊತ್ತಿತ್ತು. ಆದರೆ ಮತ್ತೆ ಆಂಪು ಸರಿಮಾಡಿ, ಮತ್ತೆ ಮಗುವನ್ನು ಸುಮ್ಮನಾಗಿಸಿ, ಅಯ್ಯೋ ಯಾರಿಗೆ ಬೇಕು. ಗುಂಯ್‌ನಲ್ಲಿ ಇನ್ನೊಂದು ಗುಂಯ್, ಹೋಗಲಿ ಬಿಡು ಎಂದುಕೊಂಡ. ಕಂಪ್ಯೂಟರಿನಲ್ಲಿ ಶುರುವಿನಲ್ಲಿದ್ದ ತನ್ನ ‘ಶ್! ಉಸಿರೆತ್ತಬೇಡ’ ಎಂಬುದನ್ನು ಮಾತ್ರ ಜಾಗ್ರತೆಯಾಗಿ ಹೊರಗಿಟ್ಟು, ಉಳಿದಷ್ಟನ್ನೂ ಗುರುತು ಹಾಕಿ, ಇದೇ ಗದ್ದಲ ಎಂದು ತೋರಿಸಿದ. ಯಂತ್ರ ತನ್ನ ಪಾಡಿಗೆ ಕೆಲಸ ಶುರುಮಾಡಿತು. ಸೋಸಿ ಉಳಿದ ಗಸಿಯನ್ನು ‘ಕಸ’ ಎಂಬ ಹೆಸರಿನ ಫೈಲಿಗೆ ಹಾಕಿಟ್ಟ. ಕೈ ತಪ್ಪಿ ಒಳ್ಳೆಯ ಸದ್ದೇನಾದರೂ ಹೋಗಿದ್ದರೆ ನೋಡಿಕೊಳ್ಳಲೆಂದು ಈ ಕಸುಬಿನವರು ಹಾಗೆ ಇಟ್ಟುಕೊಳ್ಳುವುದುಂಟು.

ಕೆಲಸ ಮುಗಿಯಿತು. ಆಲ್ಬಮ್ಮು ತೊಳೆದ ತಟ್ಟೆಯಂತೆ ಸ್ವಚ್ಛವಾಗಿತ್ತು. ಆದರೆ ಮೂಲೆಯಲ್ಲಿ ಆಂಪು ಹತ್ತಿಕೊಂಡೇ ಇದ್ದರೂ ಅದರ ಗುಂಯ್ ನಿಂತುಹೋಗಿತ್ತು. ಜರಡಿ ಅದರ ಮೇಲೆ ಕೈಯಿಟ್ಟು ನೋಡಿದ. ಪೆಟ್ಟಿಗೆ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು, ಒಳಗೆ ಏನೋ ನಡುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ವಾಲ್ವು ಹೋಗಿರಬೇಕು ಎಂದುಕೊಂಡು ಪ್ಲಗ್ಗು ಕಿತ್ತ.

ಮನೆಗೆ ಹೋಗುವ ದಾರಿಯಲ್ಲೇ ಒಂದು ವಿಚಿತ್ರ ಶುರುವಾಗಿತ್ತು, ಅವನು ಗಮನಿಸಲಿಲ್ಲ. ಗಿಣಿಯ ಹೊಸ ಬೂಟುಗಳು ಫುಟ್‌ಪಾತಿನ ಮೇಲೆ ಟಕ್ ಟಕ್ ಎನ್ನಬೇಕಿತ್ತು, ಎನ್ನಲಿಲ್ಲ. ಮನೆಯಲ್ಲಿ ಅವಳ ಕೈಯಿಂದ ಸ್ಟೀಲ್ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಗರಗರ ತಿರುಗಿತು. ಸದ್ದೇ ಇಲ್ಲ. “ಇವತ್ತು ನಮ್ಮ ಗಿಣಿ ಎಷ್ಟು ಜಾಣೆ!” ಎಂದು ಜರಡಿ ಮಗಳ ತಲೆ ನೇವರಿಸಿದ. ಗಿಣಿ ಅವನ ಮುಖ ನೋಡಿ ಏನೋ ಹೇಳಲು ಹೋದಳು. ತೆಳ್ಳಗೆ, ಗೋಡೆಯಾಚೆಯಿಂದ ಬಂದಂತೆ ‘ಅಪ್ಪಾ’ ಎಂದಿತು ದನಿ. ಇನ್ನೊಮ್ಮೆ ಬಾಯಿ ತೆರೆದಾಗ ಅದೂ ಬರಲಿಲ್ಲ.

ಬೆಳಗಾಗುವ ಹೊತ್ತಿಗೆ ಮನೆ ಮನೆಯಾಗಿ ಉಳಿದಿರಲಿಲ್ಲ. ಮಗು ಅಳುತ್ತಿದ್ದಳು. ಮೂಗು ಕೆಂಪಾಗಿ, ಬಾಯಿ ಚೌಕವಾಗಿ, ಎದೆ ಎತ್ತೆತ್ತಿ ಹಾಕುತ್ತ ಅಳುತ್ತಿದ್ದಳು. ಸದ್ದಿಲ್ಲ. ಅಂಥ ಅಳುವನ್ನು ನೋಡುವುದಿದೆಯಲ್ಲ, ಶತ್ರುವಿಗೂ ಬೇಡ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ, ಮಗು ಏನೋ ಕಂಡು ಹೆದರಿರಬೇಕು ಎಂದರು.

“ಸುಮ್ನಿರು ಸುಮ್ನಿರು ಅಂತಿದ್ರಲ್ಲ, ಸುಮ್ಮನಾದ್ಳು ನೋಡಿ. ಈಗ ಸಮಾಧಾನ ಆಯ್ತಾ?” ಎಂದಳು ಹೆಂಡತಿ.  ಗುಡುಗಮ್ಮನ ಮಾತು ಜರಡಿಗೆ ಆಗಲೇ ನೆನಪಾಗಿತ್ತು. ನೆನಪಾದದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಒಪ್ಪಿಸಿದ್ದು ಕಸ. ಮಧ್ಯಾಹ್ನ ಅವನು ಸ್ಟುಡಿಯೋಗೆ ಓಡಿಬಂದು, ಬಾಗಿಲು ಹಾಕಿಕೊಂಡು, ಹೆಡ್‌ಫೋನು ಏರಿಸಿ ಆ ಫೈಲನ್ನು ಹಚ್ಚಿದ. ಮೊದಲು ಗುಂಯ್. ಬರೀ ಗುಂಯ್. ಅದರಡಿಯಲ್ಲಿ ಟಕ್ ಟಕ್ ಎಂದು ಪುಟ್ಟ ಬೂಟಿನ ಸದ್ದು.  ಗರಗರ ತಟ್ಟೆ ತಿರುಗಿದ ಸದ್ದು. ಅದು ಬಿದ್ದದ್ದು ಮನೆಯಲ್ಲಿ, ಈ ಫೈಲು ಉಳಿಸಿ ಮುಚ್ಚಿದ ಮೇಲೆ. ಆಮೇಲೆ ಬಿಕ್ಕಳಿಕೆ. ಬೆಳಗಿನ ಅಳು, ಇಡಿಯಾಗಿ, ಉದ್ದಕ್ಕೂ. ಅದರ ನಡುವೆ, ತೀರ ಹತ್ತಿರ, ಕಿವಿಗೆ ಬಾಯಿಟ್ಟಂತೆ:

“ಅಪ್ಪಾ, ಇಲ್ಲಿ ಕತ್ತಲೆ. ಕೇಳಿಸ್ತಿದೆಯಾ?”

ಹೆಡ್‌ಫೋನು ಕಿತ್ತೆಸೆದ. ಅದು ನೆಲದ ಮೇಲೆ ಬಿದ್ದಲ್ಲಿಂದಲೇ ಕೇಳಿಸ್ತಿದೆಯಾ, ಕೇಳಿಸ್ತಿದೆಯಾ ಎನ್ನುತ್ತಿತ್ತು.

ಗುಡುಗಮ್ಮನನ್ನು ಹುಡುಕಿಕೊಂಡು ಹೋದಾಗ ಅವಳು ಜರಡಿಯ ಮುಖ ನೋಡಿದ ಕೂಡಲೇ ತಲೆ ಚಚ್ಚಿಕೊಂಡಳು. “ಬಡ್ಕೊಂಡೆ ನಿಮಗೆ. ಬಾಯಿ ಬಿಟ್ಟು ಹೇಳ್ದೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೇಳೋರು ಬೇಕಲ್ಲ.” ಆಮೇಲೆ ಅವನ ಕಣ್ಣಲ್ಲಿ ನೀರು ಕಂಡು ದನಿ ಇಳಿಸಿದಳು. “ಯಾರು?”

“ಮಗಳು.”

ಗುಡುಗಮ್ಮ ಸ್ಕೂಟರು ತೆಗೆದು, ಹಿಂದೆ ಕೂರಿ ಎಂದು ಸನ್ನೆ ಮಾಡಿದಳು.

ಅವಳು ಕರೆದೊಯ್ದದ್ದು ಒಂದು ಲಾಂಡ್ರಿಯ ಮೇಲಿನ ಮನೆಗೆ. ಮೆಟ್ಟಿಲ ತುಂಬ ಗಂಜಿ ಮತ್ತು ಹಬೆಯ ವಾಸನೆ, ಕೆಳಗೆ ಇಸ್ತ್ರಿ ಪೆಟ್ಟಿಗೆಗಳ ಬುಸುಬುಸು. ಬಾಗಿಲು ತೆರೆದವಳು ಮೌನಿಯ ಅಕ್ಕ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು. ಹಿಂದೊಮ್ಮೆ ಕಿವುಡರ ಸಂತೆಯ ಹಾಡುಗಾರ್ತಿ ಅವಳೇ. ಗಂಟಲಿಗೆ ಕ್ಯಾನ್ಸರಾಗಿ, ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು ಎಂದು ಗುಡುಗಮ್ಮ ದಾರಿಯಲ್ಲಿ ಹೇಳಿದ್ದಳು. ಅಕ್ಕ ಜರಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೇಜಿನ ಮೇಲಿದ್ದ ಟಾರ್ಚಿನಂಥ ಒಂದು ಯಂತ್ರ ತೆಗೆದು ಗಂಟಲಿಗೆ ಒತ್ತಿಕೊಂಡು ಬಾಯಿ ತೆರೆದಳು.

ಗುಂಯ್.

 ಅದೇ. ಆಂಪಿನದೇ. ಅದೇ ಶ್ರುತಿ. ಆ ಗುಂಯ್‌ನೊಳಗಿಂದಲೇ ಮಾತುಗಳು ಒಂದೊಂದಾಗಿ ಮೂಡಿದವು, ಏರಿಳಿತವಿಲ್ಲದೆ, ಉಸಿರಿಲ್ಲದೆ.

“ಕೂತ್ಕೋ. ನನ್ನ ದನಿ ತೆಗೆದವನು ನೀನೇನಾ?”

“ಗೊತ್ತಿರಲಿಲ್ಲ ಅಕ್ಕ. ನಾನು ಅದನ್ನ ಬರೀ ಸದ್ದು ಅಂದ್ಕೊಂಡೆ.”

“ಅವರೂ ಹಾಗೇ ಅಂದ್ರು.” ಅಕ್ಕನ ಮುಖದಲ್ಲಿ ಕೋಪವಿತ್ತು, ಯಂತ್ರದ ದನಿಯಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಭಯಂಕರವಾಗಿತ್ತು. “ಆಪರೇಷನ್ ಆದ ಮೇಲೆ ಒಂದೇ ಒಂದು ಹಾಡು ಹಾಡ್ತೀನಿ ಅಂತ ಹೋದೆ. ಇದನ್ನ ಇಟ್ಕೊಂಡೇ ಹಾಡ್ದೆ. ಗದ್ದಲವನ್ನೇ ಹಾಡು ಅನ್ನೋ ಜನ ಕಣಪ್ಪ ಅವರು. ನನ್ನ ದನಿಯನ್ನ ಗದ್ದಲ ಅಂದ್ರು. ನನ್ನ ಸ್ವಂತ ತಮ್ಮ, ಆ ಹಳೇ ಎಂಜಿನಿಯರಿನ ಪಕ್ಕ ಕೂತು, ಈ ಗುಂಯ್ ತೆಗೀರಿ ಅಂದ. ಅಂದದ್ದು ಮೈಕಿಗೂ ಬಿತ್ತು.”

ಆ ಸಂಜೆ ಅವಳು ಆಂಪಿನ ಬೆನ್ನು ಬಿಚ್ಚಿದ್ದಳು. ಕಾಯಿಲೆಯಲ್ಲಿ ಉದುರಿದ ತನ್ನ ಕೂದಲಿನ ಉಂಡೆ, ಕುತ್ತಿಗೆಯ ಹೊಲಿಗೆ ಬಿಚ್ಚಿದಾಗ ಎತ್ತಿಟ್ಟುಕೊಂಡಿದ್ದ ದಾರ, ಎರಡನ್ನೂ ಕಪ್ಪು ಮೇಣದಲ್ಲಿ ಮುದ್ದೆ ಮಾಡಿ ವಾಲ್ವುಗಳ ನಡುವೆ ಕಟ್ಟಿದ್ದಳು. ಕಟ್ಟುವಾಗ ಆಡುವ ಮಾತನ್ನು ಅಜ್ಜಿ ಕಲಿಸಿದ್ದಳಂತೆ. ಇದನ್ನು ತೆಗೆಯುವವನು ಯಾವುದನ್ನು ಗದ್ದಲ ಎಂದು ಬೆರಳಿಟ್ಟು ತೋರಿಸುತ್ತಾನೋ, ಅದೇ ಹೋಗಲಿ. ಮಾರನೆಯ ದಿನ ಗುಂಯ್ ತೆಗೆಯಲು ಕೂತಾಗ, ಅವರು ಗುರುತು ಹಾಕಿದ ತುಣುಕಿನಲ್ಲಿ ತಮ್ಮನ ಆ ಮಾತೂ ಸೇರಿತ್ತು. ಎಂಜಿನಿಯರು ಕೆಲಸ ಬಿಟ್ಟು ಓಡಿದ. ತಮ್ಮ ಮೌನಿಯಾದ.

“ಬಿಚ್ಚಿಬಿಡಿ ಅಕ್ಕ, ಕಾಲಿಗೆ ಬೀಳ್ತೀನಿ. ಹೋದದ್ದು ನನ್ನ ಮಗಳ ದನಿ. ಆ ಮಗು ಏನು ಮಾಡಿದೆ?”

“ಕಟ್ಟೋದು ಗೊತ್ತು. ಬಿಚ್ಚೋದು ಗೊತ್ತಿಲ್ಲ. ಗೊತ್ತಿದ್ರೆ ತಮ್ಮನನ್ನ ಹಾಗೇ ಬಿಡ್ತಿದ್ದೆನಾ?” ಅಕ್ಕ ಯಂತ್ರವನ್ನು ಗಂಟಲಿನಿಂದ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಒತ್ತಿಕೊಂಡಳು. “ಒಂದೇ ದಾರಿ. ಆ ಪೆಟ್ಟಿಗೆ ಬಾಯಿಂದ ಒಂದು ತುತ್ತು ಕಿತ್ಕೋಬೇಕಾದ್ರೆ ಇನ್ನೊಂದು ತುತ್ತು ಇಡಬೇಕು. ದನಿಗೆ ದನಿ. ತಮ್ಮನಿಗೆ ಕೊಡೋಣ ಅಂದ್ರೆ ನನ್ನ ಹತ್ರ ದನಿ ಎಲ್ಲಿತ್ತು?”

ಅಷ್ಟರಲ್ಲಿ ಜರಡಿಯ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ಎಲ್ಲಿದ್ದೀರಾ? ಬೇಗ ಬನ್ನಿ. ಇವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಏನೂ ಕೇಳಿಸ್ತಿಲ್ಲ ರೀ. ಉಸಿರಾಟದ ಸದ್ದೂ ಇಲ್ಲ, ಎದೆಬಡಿತಾನೂ ಇಲ್ಲ. ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ದಾಳೆ. ತುಟಿ ನೀಲಿ ಆಗ್ತಿದೆ.”

 ಜರಡಿ ಫೋನು ಹಿಡಿದೇ ಅಕ್ಕನ ಕಡೆ ತಿರುಗಿ, ಮಗುವಿನ ಉಸಿರೂ ಹೋಗುತ್ತಿದೆ ಎಂದ.

“ತಮ್ಮ ಕೊಟ್ಟದ್ದು ಮಾತೊಂದೇ,” ಎಂದಿತು ಯಂತ್ರ. “ಮಗು ಉಸಿರು ಹಿಡ್ಕೊಂಡು ಕೂತಿತ್ತಾ ಅಲ್ಲಿ? ಹಾಗಾದ್ರೆ ಉಸಿರೂ ಹೋಗುತ್ತೆ. ಓಡು. ತೆಗೆದದ್ದನ್ನೆಲ್ಲ ವಾಪಸ್ ಸೇರಿಸು. ತಲೆಯಿಂದ ಬುಡದ ತನಕ, ಒಂದು ಚೂರೂ ಕತ್ತರಿಸಬೇಡ. ಆಮೇಲೆ ನಿನ್ನ ದನಿಯನ್ನೇ ಗದ್ದಲ ಅಂತ ಅದಕ್ಕೆ ತೋರಿಸು. ನಿನ್ನ ಮಾತು ನಿಂತ ಕೂಡಲೇ ಯಾರಾದ್ರೂ ಪ್ಲಗ್ ಕೀಳಬೇಕು. ಇಲ್ಲದಿದ್ರೆ ನಿನ್ನನ್ನೂ ಪೂರ್ತಿ ಎಳ್ಕೊಳ್ಳುತ್ತೆ.”

ಅವನು ಹೆಂಡತಿಗೆ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗು, ನಾನು ಬಂದೆ ಎಂದ. ಅವಳ ಕಿವಿಗೆ ಬಿದ್ದ ಅವನ ಕೊನೆಯ ಮಾತು ಅದೇ ಆಯಿತು.

ಸ್ಟುಡಿಯೋದಲ್ಲಿ ಮೌನಿ ಮೊದಲೇ ಬಂದು ಕಾಯುತ್ತಿದ್ದ. ಅಕ್ಕ ಸುದ್ದಿ ಕಳಿಸಿದ್ದಿರಬೇಕು. ಅವನು ಜರಡಿಯ ಭುಜ ಒಮ್ಮೆ ಒತ್ತಿ ಹಿಡಿದು ಬಿಟ್ಟ. ಜರಡಿ ಕಸದ ಫೈಲನ್ನು ಇಡಿಯಾಗಿ ಎತ್ತಿ ಆಲ್ಬಮ್ಮಿನ ಹಾಡುಗಳಡಿ ಮತ್ತೆ ಹಾಸಿದ. ನಿನ್ನೆ ಆಂಪಿನೆದುರು ಮಾಡಿದ ಆ ರೆಕಾರ್ಡಿಂಗನ್ನು, ಹೊರಗಿಟ್ಟಿದ್ದ ತನ್ನ ಶುರುವಿನ ಮಾತಿನ ಸಮೇತ, ಮೊದಲ ಹಾಡಿನ ಮುಂದೆ ಇಟ್ಟ. ಆಂಪಿನ ಪ್ಲಗ್ಗು ಹಾಕಿದ. ಗುಡುಗಮ್ಮ ಪ್ಲಗ್ಗಿನ ಮೇಲೆ ಕೈಯಿಟ್ಟು ಮೊಣಕಾಲೂರಿ ಕೂತಳು. ಮೌನಿ ದೀಪ ಆರಿಸಿದ.

ಕತ್ತಲೆ. ಕೆಂಪು ಚುಕ್ಕೆ. ಕೂದಲು ಸುಟ್ಟ ವಾಸನೆ.

ಆಂಪು ಬಿಸಿಯೇರಿತು. ಸದ್ದಿಲ್ಲ. ಅದರ ಮುಂಭಾಗದ ಬಟ್ಟೆ ಮಾತ್ರ ಮೆಲ್ಲಗೆ ಒಳಕ್ಕೆ ಸರಿಯಿತು. ಹೊರಕ್ಕೆ ಬಂತು. ಮತ್ತೆ ಒಳಕ್ಕೆ. ಅದು ಉಸಿರಾಡುತ್ತಿತ್ತು.

ಜರಡಿ ಮೈಕಿನ ಹತ್ತಿರ ಬಾಯಿ ತಂದ. ಈ ತುಣುಕನ್ನು ಗದ್ದಲ ಎಂದು ತೋರಿಸುವ ಗುಂಡಿಯ ಮೇಲೆ ಬೆರಳಿತ್ತು. ಏನು ಮಾತಾಡಬೇಕೆಂದು ಅವನು ಯೋಚಿಸಿರಲಿಲ್ಲ. ಮಾತು ತಾನಾಗಿಯೇ ಬಂತು.

“ಪುಟ್ಟಾ, ಗಿಣೀ, ಅಪ್ಪ ಕಣೆ. ಕೇಳಿಸ್ತಿದೆ. ಎಲ್ಲ ಕೇಳಿಸ್ತಿದೆ. ಬಾ ಮಗಳೇ, ಬಾ ಹೊರಗೆ. ಇರುವೆಗೆ ಮೊಣಕಾಲು ಇದೆ ಕಣೆ, ಇದ್ದೇ ಇದೆ, ಇಬ್ಬರೂ ಕೂತು ನೋಡೋಣ. ನೀನು ಮಾತಾಡು. ಎಷ್ಟು ಬೇಕೋ ಅಷ್ಟು ಮಾತಾಡು. ತಟ್ಟೆ ಬಡಿ. ಕಿರುಚು. ಅಪ್ಪನಿಗೆ ತಲೆನೋವು ಇಲ್ಲ. ಯಾವತ್ತೂ ಇರಲಿಲ್ಲ.”

ಗುಂಡಿ ಒತ್ತಿದ.

ಬಟ್ಟೆ ಒಳಕ್ಕೆ ಸರಿಯಿತು. ಹೊರಕ್ಕೆ ಬರಲಿಲ್ಲ. ಜರಡಿ ಮಾತಾಡುತ್ತಲೇ ಇದ್ದ. ದನಿ ತೆಳುವಾಯಿತು. ಗೋಡೆಯಾಚೆ ಹೋಯಿತು. ಗಂಟಲಲ್ಲಿ ಯಾರೋ ದಾರ ಹಿಡಿದೆಳೆದಂತಾಯಿತು. ಒಂದೊಂದೇ ಹೊಲಿಗೆ. ಗಿಣೀ. ಗಿಣ್. ಗ್. ತುಟಿ ಆಡುತ್ತಿತ್ತು. ಸದ್ದಿಲ್ಲ. ಗುಡುಗಮ್ಮನಿಗೆ ಕತ್ತಲಲ್ಲಿ ಏನೂ ಕಾಣದು. ದನಿ ಪೂರ್ತಿ ಹೋಯಿತೋ, ಅವನು ಮಾತಿನ ನಡುವೆ ತಡೆದನೋ ಎಂದು ಅವಳು ಅನುಮಾನಿಸಿದಳು. ಅವನ ಉಸಿರು ಹೊರಟಿತು. ಒಳಗೆ ಬರಲಿಲ್ಲ. ಕೈ ನೆಲಕ್ಕೆ ಬಡಿದ. ಸದ್ದಿಲ್ಲ. ಕಾಲು ಬಡಿದ. ಸದ್ದಿಲ್ಲ. ಎದೆ ಸುಡುತ್ತಿತ್ತು. ಕೆಂಪು ಚುಕ್ಕೆ ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

ಅವನ ಸ್ಥಿತಿ ತಿಳಿದದ್ದು ಮೌನಿಗೆ. ದನಿಯಿಲ್ಲದವನಿಗೆ ದನಿಯಿಲ್ಲದವನ ಸಂಕಟ ಗೊತ್ತಾಗುತ್ತದೆಯೇನೋ. ಅವನು ಕತ್ತಲಲ್ಲೇ ಹಾರಿ ಗುಡುಗಮ್ಮನ ಕೈ ಹಿಡಿದೆಳೆದ. ಪ್ಲಗ್ಗು ಕಿತ್ತು ಬಂತು.

ಕೆಂಪು ದೀಪ ಆರಿತು. ಪ್ಲಗ್ಗು ಗುಡುಗಮ್ಮನ ಮುಷ್ಟಿಯಲ್ಲೇ ಇತ್ತು. ಆದರೂ ಮೂಲೆಯಲ್ಲಿ ಆಂಪು ಮೆಲ್ಲಗೆ, ತೃಪ್ತಿಯಿಂದ, ಗುಂಯ್ ಎಂದಿತು.

ನೆಲದ ಮೇಲೆ ಬಿದ್ದಿದ್ದ ಜರಡಿಗೆ ಉಸಿರು ಮರಳುವ ಹೊತ್ತಿಗೆ ಅವನ ಜೇಬಿನ ಫೋನು ಬಡಿದುಕೊಳ್ಳುತ್ತಿತ್ತು. ಗುಡುಗಮ್ಮ ತೆಗೆದು ಅವನ ಕಿವಿಗೆ ಹಿಡಿದಳು. ಆಸ್ಪತ್ರೆಯ ಗದ್ದಲ, ಯಾರದೋ ಕೂಗು, ಹೆಂಡತಿಯ ಅಳು. ಅದೆಲ್ಲವನ್ನೂ ಸೀಳಿಕೊಂಡು ಕಿವಿ ಒಡೆಯುವ ಹಾಗೆ ಒಂದು ಮಗುವಿನ ಕಿರುಚಾಟ. “ನಂಗೆ ಸೂಜಿ ಬೇಡಾ! ಅಪ್ಪನ್ನ ಕರೀರಿ! ಅಪ್ಪಾ!” ಜೀವಮಾನದಲ್ಲಿ ಜರಡಿ ಕೇಳಿದ್ದ ಅತ್ಯಂತ ಸ್ವಚ್ಛವಾದ ದನಿ ಅದು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದ. ಏನೂ ಬರಲಿಲ್ಲ.

ಆಲ್ಬಮ್ಮು ಬಂತು. ಗುಂಯ್ ಅದರಲ್ಲಿ ಆದಿಯಿಂದ ಅಂತ್ಯದವರೆಗೂ ಇದೆ. ಕಂಪನಿಯವರು ಗೊಣಗಿದರು, ಹುಚ್ಚು ಹುಡುಗರು ಅದನ್ನೇ ಮೆಚ್ಚಿ ಹೊಗಳಿದರು. ಅಕ್ಕನ ಹೆಸರನ್ನು ಹಾಡುಗಾರ್ತಿ ಎಂದು ಮೊದಲಿಗೇ ಹಾಕಿದ್ದಾರೆ. ಹಾಕಿಸಿದವನು ಮೌನಿ. ಇನ್ನಾದರೂ ಯಾರೂ ಅದನ್ನು ಕೆದಕದಿದ್ದರೆ ಸಾಕು.

ಗಿಣಿಯ ಬಾಯಿಗೆ ಮತ್ತೆ ಬಿಡುವಿಲ್ಲ. ಮನೆತುಂಬ ಅವಳದೇ ಮಾತು. ಜರಡಿ ಗಲ್ಲಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಕೇಳುತ್ತಾನೆ. ಆದರೆ ಉತ್ತರ ಕೊಡಲಾರದ ಅಪ್ಪನ ಹತ್ತಿರ ಎಷ್ಟು ಹೊತ್ತೆಂದು ಪ್ರಶ್ನೆ ಕೇಳುವುದು? ಹುಟ್ಟುಹಬ್ಬದ ವಿಡಿಯೋಗಳಲ್ಲೆಲ್ಲ ಅವನ ಬಾಯಿ ಬರಿದೇ ಆಡುತ್ತದೆ. ಹೆಂಡತಿಯ ಫೋನಿನಲ್ಲಿ ಉಳಿದಿದ್ದ ಅವನ ಹಳೆಯ ವಾಯ್ಸ್ ಮೆಸೇಜುಗಳೂ ಖಾಲಿ. ಅಂದು ಕತ್ತಲಲ್ಲಿ ಅವನು ಮಗಳಿಗೆ ಆಡಿದ ಅಷ್ಟು ಮಾತೂ ಆಂಪಿನ ಹೊಟ್ಟೆ ಸೇರಿದೆ, ಅದನ್ನು ಅವಳು ಕೇಳಿಲ್ಲ, ಎಂದೂ ಕೇಳುವುದಿಲ್ಲ. ಅಪ್ಪನ ದನಿ ಲೋಕದಲ್ಲಿ ಉಳಿದಿರುವುದು ಒಂದೇ ಕಡೆ, ಗುಂಯ್ ಜೊತೆ ಹೆಣೆದುಕೊಂಡು ಆಲ್ಬಮ್ಮಿನ ಶುರುವಿನಲ್ಲಿ. ಅದನ್ನು ಕಂಡುಹಿಡಿದವಳು ಗಿಣಿಯೇ.

ಈಗ ಅವಳಿಗೆ ಅಪ್ಪನ ನೆನಪಾದಾಗೆಲ್ಲ, ಅಪ್ಪ ಪಕ್ಕದಲ್ಲೇ ಕೂತಿದ್ದರೂ, ಸ್ಪೀಕರಿಗೆ ಕಿವಿಯಾನಿಸಿ ಅದನ್ನು ಹಚ್ಚುತ್ತಾಳೆ. “ಶ್! ಉಸಿರೆತ್ತಬೇಡ,” ಎನ್ನುತ್ತದೆ ಜರಡಿಯ ದನಿ. ಮಗು ತಟ್ಟನೆ ಮಾತು ನಿಲ್ಲಿಸಿ, ಕೆನ್ನೆ ಉಬ್ಬಿಸಿ, ಉಸಿರು ಬಿಗಿಹಿಡಿದು ಕೂರುತ್ತಾಳೆ. ನಾನು ಹೇಳೋ ತನಕ ಎಂದಿದ್ದನಲ್ಲ ಅಪ್ಪ, ಅವಳು ಅದಕ್ಕೆ ಕಾಯುತ್ತಾಳೆ. ಮುಖ ಕೆಂಪಾಗುತ್ತದೆ. ಜರಡಿ ಅವಳ ಭುಜ ಹಿಡಿದು ಅಲುಗಿಸುತ್ತಾನೆ, ಬೆನ್ನು ತಟ್ಟುತ್ತಾನೆ, ಸಾಕು ಮಗಳೇ, ಉಸಿರಾಡು ಎಂದು ತುಟಿ ಆಡಿಸುತ್ತಾನೆ.

ಗಿಣಿ ಕಣ್ಣು ಮುಚ್ಚಿಕೊಂಡಿರುತ್ತಾಳೆ. ಕಣ್ಣು ಮುಚ್ಚಿದರೆ ಅಪ್ಪನ ದನಿ ಚೆನ್ನಾಗಿ ಕೇಳಿಸುತ್ತದಂತೆ.